ಮಡಿಲಲ್ಲೊಂದು ಕೂಸು, ಸೆರಗು ಹಿಡಿದ ಇನ್ನೊಂದು ಮಗು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಮಗುವಿಗೆ ಎರಡು ವರ್ಷ ತುಂಬಿ ನಾಲ್ಕು ತಿಂಗಳಾದಾಗ ನಮ್ಮ ಮನೆಗೆ ಎರಡನೆಯ ಕೂಸು ಬಂದಿತು. ಮೊದಲ ಬಾಣಂತನದಲ್ಲಿ ಕಲಿತದ್ದರಲ್ಲಿ ಅರ್ಧದಷ್ಟು ಈ ಬಾರಿ ಉಪಯೋಗಕ್ಕೆ ಬರಲಿಲ್ಲ. ಏಕೆಂದರೆ ಕೂಸು ಮಲಗಿದಾಗ ನಾನೂ ಮಲಗುವ ಸೌಕರ್ಯ ಆಗ ಇತ್ತು, ಈಗ ಕೂಸು ಮಲಗುವ ಹೊತ್ತಿಗೆ ಸರಿಯಾಗಿ ಇನ್ನೊಂದು ಎದ್ದು ಕುಳಿತಿರುತ್ತದೆ. ಬಂಧುಬಳಗದಲ್ಲಿಯೂ ನೆರೆಹೊರೆಯಲ್ಲಿಯೂ ಇದೇ ಸ್ಥಿತಿಯಲ್ಲಿರುವ ತಾಯಂದಿರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ವೈದ್ಯೆಯಲ್ಲ. ಮಗುವಿನ ಆರೋಗ್ಯದ ವಿಚಾರದಲ್ಲಿ ಸಂದೇಹ ಬಂದರೆ ಇದನ್ನು ಓದುತ್ತ ಕೂರದೆ ಮಕ್ಕಳ ವೈದ್ಯರ ಬಳಿಗೆ ಹೋಗಬೇಕು.

ಇಬ್ಬರೂ ಒಟ್ಟಿಗೆ ಅತ್ತರೆ ಮೊದಲು ಯಾರನ್ನು ಎತ್ತಿಕೊಳ್ಳಬೇಕು?

ಯಾರಿಗೆ ಪೆಟ್ಟಾಗಿದೆಯೋ ಅವರನ್ನು. ಇಬ್ಬರಿಗೂ ಏನೂ ಆಗಿಲ್ಲವೆಂದು ಖಚಿತವಾದರೆ ದೊಡ್ಡ ಮಗುವನ್ನು. ಈ ಉತ್ತರಕ್ಕೆ ನಮ್ಮ ಮನೆಯ ಹಿರಿಯರು ಇಂದಿಗೂ ಒಪ್ಪಿಲ್ಲ. ಆದರೆ ಹಾಲಿಗಾಗಿ ಅಳುವ ನಾಲ್ಕು ತಿಂಗಳ ಕೂಸು ಎರಡು ನಿಮಿಷ ತಡವಾಯಿತೆಂದು ನೆನಪಿಟ್ಟುಕೊಳ್ಳುವುದಿಲ್ಲ. ಎರಡೂವರೆ ವರ್ಷದ ಮಗು ಪ್ರತಿ ಸಲವೂ ತನ್ನನ್ನೇ ಕಾಯಿಸಿದ್ದನ್ನು ಗಮನಿಸುತ್ತದೆ, ಮತ್ತು ತನಗೆ ತಿಳಿದ ರೀತಿಯಲ್ಲಿ ಅದನ್ನು ತೋರಿಸಿಯೇ ತೋರಿಸುತ್ತದೆ.

ಕೂಸು ಬಂದ ಮೇಲೆ ದೊಡ್ಡ ಮಗು ಮತ್ತೆ ಚಡ್ಡಿಯಲ್ಲಿ ಒಂದ ಮಾಡಿಕೊಳ್ಳುತ್ತಿದೆ, ತೊದಲು ಮಾತಾಡುತ್ತಿದೆ, ಬಾಟಲಿಯಲ್ಲಿ ಹಾಲು ಬೇಕೆನ್ನುತ್ತಿದೆ. ಇದು ರೋಗವೇ?

ರೋಗವಲ್ಲ. ಕೂಸಾಗಿದ್ದರೆ ಎತ್ತಿಕೊಳ್ಳುತ್ತಾರೆ, ಕೂಸಾಗಿದ್ದರೆ ಬೈಯುವುದಿಲ್ಲ ಎಂಬುದನ್ನು ಮಗು ಕಣ್ಣಾರೆ ನೋಡುತ್ತಿದೆ. ಹಾಗಿರುವಾಗ ತಾನೂ ಕೂಸಾಗಲು ಪ್ರಯತ್ನಿಸುವುದು ಬುದ್ಧಿವಂತಿಕೆಯೇ ಸರಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಒದ್ದೆಯಾದ ಚಡ್ಡಿಯನ್ನು ಮಾತಿಲ್ಲದೆ ಬದಲಿಸುವುದು, ಬೇಕೆಂದಾಗ ಐದು ನಿಮಿಷ ಮಡಿಲಲ್ಲಿ ಮಲಗಿಸಿಕೊಂಡು ಕೂಸಿನಂತೆಯೇ ತೂಗುವುದು, ಇವೆರಡೇ ಸಾಕು.

ಇದಕ್ಕಿಂತ ಮುಖ್ಯವಾದದ್ದು ಮನೆಯವರ ನಾಲಗೆ. ಎರಡನೆಯದು ಹುಟ್ಟಿದ ದಿನವೇ ಮೊದಲನೆಯದು ‘ದೊಡ್ಡವನು’ ಆಗಿಬಿಡುತ್ತಾನೆ. ನಿನ್ನೆಯವರೆಗೆ ತುತ್ತು ಕೊಟ್ಟು ತಿನ್ನಿಸುತ್ತಿದ್ದವರು ಇಂದು ‘ನೀನು ಅಣ್ಣ ಅಲ್ಲವಾ, ನೀನೇ ತಿನ್ನು’ ಎನ್ನತೊಡಗುತ್ತಾರೆ. ನೋಡಲು ಬಂದ ನೆಂಟರು ‘ಇನ್ನು ನಿನ್ನನ್ನು ಯಾರೂ ಕೇಳುವುದಿಲ್ಲ ಕಣೋ’ ಎಂದು ತಮಾಷೆ ಮಾಡುತ್ತಾರೆ, ಮತ್ತು ಎರಡು ವರ್ಷದ ಮಗುವಿಗೆ ತಮಾಷೆ ಎಂಬುದು ತಿಳಿಯುವುದಿಲ್ಲ. ನಾವು ಕೊನೆಗೆ ಬಾಗಿಲಲ್ಲಿಯೇ ನೆಂಟರಿಗೆ ಹೇಳಿಬಿಡುತ್ತಿದ್ದೆವು: ಮೊದಲು ದೊಡ್ಡ ಮಗುವನ್ನು ಮಾತಾಡಿಸಿ, ಆಮೇಲೆ ತೊಟ್ಟಿಲ ಹತ್ತಿರ ಹೋಗಿ. ಕೆಲವರು ಮುನಿಸಿಕೊಂಡರು.

ಕೂಸನ್ನು ಚಿವುಟುತ್ತದೆ, ಹೊಡೆಯಲು ಹೋಗುತ್ತದೆ. ಏನು ಮಾಡುವುದು?

ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬಾರದು, ಅರೆಗಳಿಗೆಯೂ ಬೇಡ. ಇದು ದೊಡ್ಡ ಮಗುವಿನ ಮೇಲಿನ ಅಪನಂಬಿಕೆಯಲ್ಲ; ಪ್ರೀತಿಯಿಂದ ಅಪ್ಪಿಕೊಂಡರೂ ಆ ತೋಳಿನ ಭಾರ ಕೂಸಿನ ಮೂಗು ಮುಚ್ಚಬಹುದು, ಒಲವಿನಿಂದಲೇ ಕೂಸಿನ ಬಾಯಿಗೆ ಕಡಲೆಬೀಜ ಇಟ್ಟುಬಿಡಬಹುದು. ಕೈ ಎತ್ತಿದಾಗ ಆ ಕೈಯನ್ನು ಹಿಡಿದು ‘ಹೊಡೆಯಲು ಬಿಡುವುದಿಲ್ಲ’ ಎಂದಷ್ಟೇ ಹೇಳಬೇಕು. ಹೊಡೆಯಬಾರದೆಂದು ಕಲಿಸಲು ಮಗುವಿಗೇ ಒಂದು ಏಟು ಹಾಕುವುದರಲ್ಲಿ ಏನೂ ಅರ್ಥವಿಲ್ಲ. ಒಣ ಲಂಗೋಟಿ ತಂದುಕೊಡುವುದು, ಸ್ನಾನದ ಚೊಂಬು ಹಿಡಿದು ನಿಲ್ಲುವುದು, ಇಂಥ ಸಣ್ಣ ಕೆಲಸ ಕೊಟ್ಟರೆ ಅನೇಕ ಮಕ್ಕಳು ಗಂಭೀರವಾಗಿಯೇ ಮಾಡುತ್ತವೆ.

ಎರಡನೆಯ ಬಾಣಂತನಕ್ಕೆ ತವರಿಗೆ ಹೋಗುವಾಗ ದೊಡ್ಡ ಮಗುವನ್ನು ಕರೆದೊಯ್ಯಬೇಕೇ, ಅಥವಾ ಅಪ್ಪ, ಅಜ್ಜಿಯರ ಬಳಿ ಬಿಡಬೇಕೇ?

ಸಾಧ್ಯವಿದ್ದರೆ ಕರೆದೊಯ್ಯುವುದೇ ಮೇಲು. ತಾಯಿ ಎಲ್ಲಿಗೋ ಹೋದಳು, ಮೂರು ತಿಂಗಳ ಬಳಿಕ ಇನ್ನೊಂದು ಮಗುವನ್ನು ಎತ್ತಿಕೊಂಡು ಬಂದಳು ಎಂಬ ಚಿತ್ರ ಎರಡು ವರ್ಷದ ಮಗುವಿನ ಪಾಲಿಗೆ ಅಷ್ಟು ಸುಲಭದ್ದಲ್ಲ. ಆದರೆ ತವರಿನಲ್ಲಿ ವಯಸ್ಸಾದ ತಾಯಿಯೊಬ್ಬರೇ ಇದ್ದು, ಅವರೇ ಬಾಣಂತಿಯ ಅಡುಗೆ, ಕೂಸಿನ ಸ್ನಾನ, ಓಡಾಡುವ ಮಗುವಿನ ಹಿಂದೆ ಓಟ ಇವೆಲ್ಲವನ್ನೂ ನೋಡಿಕೊಳ್ಳಬೇಕೆಂದಾದರೆ ಮೂರನೆಯ ವಾರಕ್ಕೆ ಅವರೇ ಹಾಸಿಗೆ ಹಿಡಿಯುತ್ತಾರೆ. ಎರಡನೆಯ ಬಾಣಂತನವನ್ನು ಗಂಡನ ಮನೆಯಲ್ಲಿಯೇ ಮಾಡಿಕೊಂಡು ತಾಯಿಯನ್ನು ಅಲ್ಲಿಗೇ ಕರೆಸಿಕೊಳ್ಳುವ ಪದ್ಧತಿ ಈಗ ಹೆಚ್ಚುತ್ತಿರುವುದು ಈ ಕಾರಣಕ್ಕೇ, ಮತ್ತು ಅದರಲ್ಲಿ ಸಂಪ್ರದಾಯ ಮುರಿಯುವಂಥದ್ದೇನೂ ಇಲ್ಲ.

ಎಣ್ಣೆ ನೀರು ಹಾಕುವುದು ಒಳ್ಳೆಯದೇ? ಅಜ್ಜಿ ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬೇಕು?

ಎಣ್ಣೆ ಹಚ್ಚಿ ಮೃದುವಾಗಿ ನೀವುವುದು ಒಳ್ಳೆಯದು. ಕಾಲು ಚಾಚಿ ಕುಳಿತು, ಎರಡು ಕಾಲುಗಳ ನಡುವೆ ಕೂಸನ್ನು ಮಲಗಿಸಿಕೊಂಡು, ಅಂಗೈಯಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗಾಗಿಸಿ ನೀವುವ ಆ ಕೈಗಳಿಗೆ ಇರುವ ಅನುಭವವನ್ನು ಪುಸ್ತಕ ಓದಿ ಗಳಿಸಲಾಗುವುದಿಲ್ಲ. ಸ್ನಾನ ಮುಗಿದು ಹಾಲು ಕುಡಿದ ಕೂಸು ಎರಡು ಗಂಟೆ ಕದಲದೆ ಮಲಗುವುದನ್ನು ಕಂಡವರು ಇದನ್ನು ಮೂಢನಂಬಿಕೆ ಎನ್ನಲಾರರು.

ಆದರೆ ಅಜ್ಜಿಯ ಪದ್ಧತಿಯನ್ನೂ ರಾಗಿ ಹಿಟ್ಟಿನಂತೆ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಕಿವಿಗೆ, ಮೂಗಿಗೆ ಎಣ್ಣೆ ಬಿಡುವುದು ಬೇಡ. ಮೂಗಿನಿಂದ ಶ್ವಾಸಕೋಶಕ್ಕೆ ಇಳಿದ ಎಣ್ಣೆ ನ್ಯುಮೋನಿಯಾ ತರುತ್ತದೆ. ಹುಟ್ಟಿದ ಕೆಲವು ಕೂಸುಗಳ ಎದೆ, ಗಂಡಾಗಲಿ ಹೆಣ್ಣಾಗಲಿ, ತಾಯಿಯ ಹಾರ್ಮೋನುಗಳಿಂದಾಗಿ ಉಬ್ಬಿರುತ್ತದೆ. ಅದನ್ನು ಹಿಂಡಿ ‘ಹಾಲು ತೆಗೆಯುವ’ ರೂಢಿಯಿಂದ ಕೀವು ಕಟ್ಟಿಕೊಳ್ಳಬಹುದು, ಮುಟ್ಟದೆ ಬಿಟ್ಟರೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಣ್ಣಿಗೆ ಕಾಡಿಗೆ ಬೇಡ, ಅದರಲ್ಲಿ ಸೀಸ ಇರುವ ಸಾಧ್ಯತೆ ಇದೆ. ದೃಷ್ಟಿ ಬೊಟ್ಟು ಇಡಲೇಬೇಕೆಂದಿದ್ದರೆ ಕೂಸಿನ ಕೈ ತಲುಪದ ಅಂಗಾಲಿನಲ್ಲಿಡಬಹುದು. ಸಾಂಬ್ರಾಣಿ ಹೊಗೆ ತಲೆಗೂದಲಿಗೆ ಹಿತವೆನಿಸಿದರೂ ಪುಟ್ಟ ಶ್ವಾಸಕೋಶಕ್ಕೆ ಹಿತವಲ್ಲ. ಬಜೆ ತೇಯ್ದು ನೆಕ್ಕಿಸುವುದು, ಜೇನು ನೆಕ್ಕಿಸುವುದು ಎರಡೂ ಬೇಡ. ಅದರಲ್ಲಿಯೂ ಒಂದು ವರ್ಷ ತುಂಬುವವರೆಗೆ ಜೇನು ಸುತರಾಂ ಕೂಡದು, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆಗೆ ಕಾರಣವಾಗಬಲ್ಲವು. ನೆತ್ತಿಗೆ ಹರಳೆಣ್ಣೆ ಹಚ್ಚುವುದರಿಂದ ಕೇಡಿಲ್ಲ, ಆದರೆ ನೆತ್ತಿ ಕೂಡುವುದು ಎಣ್ಣೆಯಿಂದಲ್ಲ. ಮುಂದಲೆಯ ಆ ಮೆತ್ತನೆಯ ಜಾಗ ಸಾಧಾರಣವಾಗಿ ಒಂದೂವರೆ ವರ್ಷದ ಸುಮಾರಿಗೆ ತಾನೇ ಮುಚ್ಚಿಕೊಳ್ಳುತ್ತದೆ.

ಅಜ್ಜಿಗೆ ಹೇಳುವುದು ಹೇಗೆ ಎಂಬುದು ಇದಕ್ಕಿಂತ ಕಠಿಣವಾದ ಪ್ರಶ್ನೆ. ಸೊಸೆ ಹೇಳಿದರೆ ಜಗಳವಾಗುವ ಮಾತನ್ನು ವೈದ್ಯರು ಹೇಳಿದರೆ ಸಲಹೆಯಾಗುತ್ತದೆ. ನಾವು ಲಸಿಕೆಗೆ ಹೋಗುವಾಗ ಅತ್ತೆಯವರನ್ನೂ ಕರೆದೊಯ್ದು, ಎಲ್ಲ ಪ್ರಶ್ನೆಗಳನ್ನೂ ಅವರೆದುರಿಗೇ ಕೇಳಿದೆವು. ಮನೆಗೆ ಬಂದ ಮೇಲೆ ಕಾಡಿಗೆ ಡಬ್ಬಿ ತಾನಾಗಿಯೇ ಬೀರುವಿನ ಮೇಲಿನ ಅರೆಗೆ ಹೋಯಿತು.

ಎದೆಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಕೂಸು ಅತ್ತಿತೆಂದ ಮಾತ್ರಕ್ಕೆ ಹಾಲು ಸಾಲುತ್ತಿಲ್ಲವೆಂದಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿದು, ಎರಡು ವಾರದೊಳಗೆ ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರುವುದು ಸಹಜ. ಐದು ತಿಂಗಳ ಹೊತ್ತಿಗೆ ಅದು ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗುವುದು ಸ್ಥೂಲವಾದ ಲೆಕ್ಕ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ನೀರೂ ಬೇಡ, ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿಯೂ ಬೇಡ.

ನೀರು ಬೇಕಾಗಿರುವುದು ತಾಯಿಗೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ ಎಂದು ಲೋಟ ಎಣಿಸಿ ಕೊಡುವ ಮನೆಗಳು ಇನ್ನೂ ಇವೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲವೂ ಇರಲಿ. ಆದರೆ ಬಾಯಾರಿದಾಗ ಹೊಟ್ಟೆ ತುಂಬ ನೀರು ಕುಡಿಯುವ ಹಕ್ಕನ್ನು ಬಾಣಂತಿ ಬಿಟ್ಟುಕೊಡಬಾರದು. ದೊಡ್ಡ ಮಗುವೂ ಇನ್ನೂ ಎದೆಹಾಲು ಬಿಟ್ಟಿಲ್ಲವೆಂದರೆ ಇಬ್ಬರಿಗೂ ಕುಡಿಸಬಹುದು, ಮೊದಲು ಕೂಸಿಗೆ.

ರಾಗಿ ಸರಿ ಯಾವಾಗ ಆರಂಭಿಸಬೇಕು, ಮನೆಯಲ್ಲಿ ಮಾಡುವುದು ಹೇಗೆ?

ಆರು ತಿಂಗಳು ತುಂಬಿದ ಮೇಲೆ. ನಾಲ್ಕನೆಯ ತಿಂಗಳಿಗೇ ‘ನಾಲಗೆಗೆ ಹಚ್ಚಿ’ ಎನ್ನುವವರಿಗೆ ನಕ್ಕು ಸುಮ್ಮನಾಗಬಹುದು.

ರಾಗಿಯನ್ನು ಕಲ್ಲು, ಹೊಟ್ಟು ಹೋಗುವಂತೆ ಚೆನ್ನಾಗಿ ತೊಳೆದು, ರಾತ್ರಿಯೆಲ್ಲ ನೆನೆಸಿ, ನೀರು ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಡಬೇಕು. ಬೇಸಿಗೆಯಲ್ಲಿ ಒಂದು ದಿನಕ್ಕೆ, ಮಲೆನಾಡಿನ ಮಳೆಗಾಲದಲ್ಲಿ ಎರಡು ದಿನಕ್ಕೆ ಬಿಳಿಯ ಎಳೆ ಮೊಳಕೆ ಹೊರಡುತ್ತದೆ. ಅದನ್ನು ನೆರಳಿನಲ್ಲಿ ಹರಡಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟು ಮಾತ್ರ ಹುರಿದು, ಬೀಸಿ, ಒಗೆದ ಪಂಚೆಯ ಬಟ್ಟೆಯಲ್ಲಿ ವಸ್ತ್ರಗಾಳಿ ಹಿಡಿಯಬೇಕು. ಗಿರಣಿಗೆ ಕೊಡುವುದಾದರೆ ಮೊದಲು ಮೆಣಸಿನಕಾಯಿ ಬೀಸಿದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಮೊಳಕೆ ಕಟ್ಟುವುದರ ಹಿಂದೆ ಒಂದು ಸೊಗಸಾದ ಕಾರಣವಿದೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಆ ಹಿಟ್ಟಿನ ಗಂಜಿ ಬೇಯಿಸಿದಾಗ ಅಂಟಾಗಿ ಗಟ್ಟಿಯಾಗುವುದಿಲ್ಲ; ಹಾಗಾಗಿ ಕೂಸಿನ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ನೀರಿನ ಬದಲು ಹೆಚ್ಚು ಹಿಟ್ಟು ಹಿಡಿಯುತ್ತದೆ. ಸೀಯುವಂತೆ ಹುರಿದರೆ ಈ ಗುಣ ಕೆಡುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗಳು ಇದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅದರಲ್ಲಿ ಬಹುಪಾಲು ಇರುವುದು ಕಾಳಿನ ಹೊರಸಿಪ್ಪೆಯಲ್ಲಿ. ಆದ್ದರಿಂದ ಎಂಟು ಒಂಬತ್ತು ತಿಂಗಳಾಗಿ ಜೀರ್ಣಶಕ್ತಿ ಬಲಿತ ಮೇಲೂ ನಯವಾದ ಬಟ್ಟೆಯಲ್ಲಿಯೇ ಸೋಸುತ್ತಿರಬೇಕಿಲ್ಲ, ಜರಡಿ ಹಿಡಿದರೆ ಸಾಕು.

ಎರಡು ಮೂರು ಚಮಚದಿಂದ ಆರಂಭಿಸಿ, ಒಂದು ತೊಟ್ಟು ತುಪ್ಪ ಸೇರಿಸಿ ಕೊಡಬೇಕು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ರಾಗಿಯೊಂದನ್ನೇ ನಂಬಿ ಕೂರುವುದೂ ತಪ್ಪು: ಆರು ತಿಂಗಳ ನಂತರ ಕೂಸಿಗೆ ಕಬ್ಬಿಣದ ಅಂಶ ಹೊರಗಿನಿಂದ ಬೇಕು, ಅದಕ್ಕಾಗಿ ಬೇಳೆಕಟ್ಟು ಮಾತ್ರವಲ್ಲದೆ ಮಸೆದ ಬೇಳೆ, ಸೊಪ್ಪು, ತಿನ್ನುವ ಮನೆಯವರಾದರೆ ಮೊಟ್ಟೆ, ಮೀನು, ಮಾಂಸವನ್ನೂ ನುಣ್ಣಗೆ ಮಾಡಿ ಕೊಡಬೇಕು. ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೂರಕ ಆಹಾರವೂ ದೊರೆಯುತ್ತದೆ. ಪಟ್ಟಣದ ಅನೇಕರು ಅದು ತಮಗಲ್ಲವೆಂದುಕೊಂಡು ಕೇಳಲು ಹೋಗುವುದೇ ಇಲ್ಲ.

ಎರಡು ವರ್ಷದ ಮಗು ಮೊಬೈಲ್ ತೋರಿಸದೆ ಊಟ ಮಾಡುವುದಿಲ್ಲ. ಬಿಡಿಸುವುದು ಹೇಗೆ?

ಮೊಬೈಲ್ ನೋಡುತ್ತ ತಿನ್ನುವ ಮಗು ಊಟ ಮಾಡುತ್ತಿಲ್ಲ, ಬಾಯಿ ತೆರೆಯುತ್ತಿದೆ ಅಷ್ಟೇ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ. ಆ ಒಂದು ಗಂಟೆಯೂ ಊಟದ ಹೊತ್ತಾಗಿರಬಾರದು.

ಬಿಡಿಸಲು ಉಪಾಯ ಒಂದೇ, ಎಲ್ಲರೂ ಒಟ್ಟಿಗೆ ನೆಲದ ಮೇಲೆ ತಟ್ಟೆ ಹಾಕಿಕೊಂಡು ಕುಳಿತು, ಮಗುವಿನ ತಟ್ಟೆಯಲ್ಲಿ ಸ್ವಲ್ಪವೇ ಬಡಿಸಿ, ತಿಂದಷ್ಟು ತಿನ್ನಲಿ ಎಂದು ಬಿಡುವುದು. ಮೊದಲ ಮೂರು ನಾಲ್ಕು ದಿನ ಮಗು ನಿಜಕ್ಕೂ ಕಡಿಮೆ ತಿನ್ನುತ್ತದೆ, ಅನ್ನ ನೆಲಕ್ಕೆ ಚೆಲ್ಲುತ್ತದೆ, ಆಗ ಅಜ್ಜ ಕರಗಿ ಮೊಬೈಲ್ ತೆಗೆಯುತ್ತಾರೆ; ಸೋಲುವುದು ಇಲ್ಲಿಯೇ. ಒಂದು ವರ್ಷದ ನಂತರ ಬೆಳವಣಿಗೆಯ ವೇಗ ಇಳಿಯುವುದರಿಂದ ಹಸಿವೂ ಇಳಿಯುತ್ತದೆ ಎಂಬುದು ನೆನಪಿದ್ದರೆ ಆತಂಕ ಅರ್ಧವಾಗುತ್ತದೆ. ಊಟದ ನಡುವೆ ಕೊಡುವ ಬಿಸ್ಕತ್ತು ಮತ್ತು ದೊಡ್ಡ ಲೋಟದ ಹಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಡೀ ಕಡಲೆಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಈ ವಯಸ್ಸಿನಲ್ಲಿ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ರಾತ್ರಿ ನಿದ್ದೆ?

ಇರುವುದಿಲ್ಲ. ಕೂಸು ರಾತ್ರಿ ಎರಡು ಮೂರು ಬಾರಿ ಹಾಲಿಗೆ ಏಳುವುದು ಸಹಜ. ಕೂಸನ್ನು ಅಂಗಾತ ಮಲಗಿಸಬೇಕು, ದಿಂಬು ಬೇಡ, ಮುಖದ ಹತ್ತಿರ ದಪ್ಪ ಹೊದಿಕೆ ಬೇಡ, ದೊಡ್ಡ ಮಗು ಉರುಳಿಕೊಂಡು ಬರುವಂತೆ ಪಕ್ಕದಲ್ಲಿಯೇ ಮಲಗಿಸುವುದೂ ಬೇಡ. ನಮ್ಮಲ್ಲಿ ದೊಡ್ಡದು ಗೋಡೆಯ ಬದಿಗೆ ಅಪ್ಪನ ಜೊತೆ, ಕೂಸು ಇನ್ನೊಂದು ಬದಿಗೆ ನನ್ನ ಪಕ್ಕದ ತೊಟ್ಟಿಲಲ್ಲಿ. ಸೀರೆಯ ಜೋಲಿ ಹಗಲಿನಲ್ಲಿ ಯಾರಾದರೂ ಎದುರಿಗೆ ಕುಳಿತಿರುವಾಗ ಮಾತ್ರ. ತಮ್ಮನನ್ನು ತೂಗುತ್ತೇನೆಂದು ಅಣ್ಣ ಒಮ್ಮೆ ತೂಗಿದ ರಭಸವನ್ನು ನೋಡಿದ ಮೇಲೆ ನಾವು ಅದನ್ನು ಬಿಚ್ಚಿಯೇಬಿಟ್ಟೆವು.

ಇಬ್ಬರ ಲಸಿಕೆಯ ಲೆಕ್ಕ ಇಡುವುದು ಹೇಗೆ?

ತಾಯಿ ಕಾರ್ಡನ್ನು ಕಳೆದುಕೊಳ್ಳದೆ, ಒಂದು ಫೋಟೊ ತೆಗೆದಿಟ್ಟುಕೊಂಡು. ರಾಷ್ಟ್ರೀಯ ವೇಳಾಪಟ್ಟಿಯಂತೆ ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. 6, 10, 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಮೊದಲಾದವು. 9 ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ ಲಸಿಕೆ ಮತ್ತು ಎ ಜೀವಸತ್ವದ ಮೊದಲ ಪ್ರಮಾಣ. 16ರಿಂದ 24 ತಿಂಗಳೊಳಗೆ ವರ್ಧಕಗಳು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇವೆಲ್ಲವೂ ಉಚಿತ. ಕೂಸಿನ ಓಡಾಟದಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ದೊಡ್ಡ ಮಗುವಿನದು, ಅದರಲ್ಲಿಯೂ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಹಾಕಿಸಬೇಕಾದ ಎ ಜೀವಸತ್ವ. ಒಂದು ದಿನಾಂಕ ತಪ್ಪಿತೆಂದು ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.

ಜ್ವರ, ಭೇದಿ, ಕೆಮ್ಮು: ಯಾವಾಗ ಓಡಬೇಕು, ಯಾವಾಗ ಕಾಯಬಹುದು?

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ ಕಾಯುವುದೇ ಬೇಡ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಯಾವ ವಯಸ್ಸಿನಲ್ಲಾದರೂ ಉಸಿರಾಡುವಾಗ ಪಕ್ಕೆ ಒಳಸೇದುತ್ತಿದ್ದರೆ, ಹಾಲು ನೀರು ಬಿಟ್ಟಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ ಹಾಗೆಯೇ. ಜ್ವರವಿದ್ದರೂ ಆಡಿಕೊಂಡಿರುವ ಎರಡು ವರ್ಷದ ಮಗುವನ್ನು ಒಂದು ದಿನ ನೋಡಬಹುದು. ಪ್ಯಾರಾಸಿಟಮಾಲ್ ಪ್ರಮಾಣ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ತೂಕದಿಂದ, ಆದ್ದರಿಂದ ಅಣ್ಣನ ಬಾಟಲಿಯಿಂದ ಅಂದಾಜಿಗೆ ತಮ್ಮನಿಗೆ ಕುಡಿಸಬಾರದು.

ಭೇದಿಗೆ ಓಆರ್‌ಎಸ್ ಮತ್ತು ಜಿಂಕ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು, ಅರ್ಧ ಪೊಟ್ಟಣಕ್ಕೆ ಅಂದಾಜು ನೀರು ಸಲ್ಲದು. ಆರು ತಿಂಗಳು ಮೀರಿದವರಿಗೆ ಜಿಂಕ್ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕವರಿಗೆ 10, ಭೇದಿ ನಿಂತರೂ 14 ದಿನ ಪೂರ್ತಿ. ಎದೆಹಾಲು ನಿಲ್ಲಿಸಬಾರದು.

ಕೆಮ್ಮಿನ ಸಿರಪ್ಪನ್ನು ಔಷಧದಂಗಡಿಯಲ್ಲಿ ಕೇಳಿ ತರುವ ಅಭ್ಯಾಸವನ್ನು ಬಿಟ್ಟೇಬಿಡಬೇಕು. ಕಲುಷಿತ ಸಿರಪ್ ಕುಡಿದ ಮಕ್ಕಳು ಮಧ್ಯಪ್ರದೇಶದಲ್ಲಿ ಸಾವಿಗೀಡಾದ ಬಳಿಕ 2025ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದೆಂದು ಸೂಚಿಸಿತು. ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಸಾಕು.

ಬಟ್ಟೆಯ ಲಂಗೋಟಿಯೋ, ಡೈಪರೋ?

ಹಗಲು ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್. ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲೋ ಉಡುಪಿಯಲ್ಲೋ ಇರುವವರು ಈ ನಿಯಮವನ್ನು ಧಾರಾಳವಾಗಿ ಮುರಿಯಬಹುದು. ಅರೆಒಣಗಿದ ಲಂಗೋಟಿಗಿಂತ ಡೈಪರೇ ಮೇಲು.

ಇಬ್ಬರನ್ನೂ ಸ್ಕೂಟರಿನಲ್ಲಿ ಕರೆದೊಯ್ಯಬಹುದೇ?

ಬೇಡ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್, ಚಾಲಕರಿಗೆ ಬಿಗಿಯುವ ಸುರಕ್ಷತಾ ಪಟ್ಟಿ, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಕಡ್ಡಾಯವೆಂದು ಕೇಂದ್ರ ಮೋಟಾರು ವಾಹನ ನಿಯಮಗಳು 2023ರ ಫೆಬ್ರುವರಿಯಿಂದ ಹೇಳುತ್ತವೆ. ಕೂಸನ್ನಂತೂ ದ್ವಿಚಕ್ರದಲ್ಲಿ ಹತ್ತಿಸಲೇಬಾರದು. ಆಟೋ ಇದೆ, ಬಸ್ಸಿದೆ.

ಕೆಲಸಕ್ಕೆ ಮರಳುವುದು ಹೇಗೆ?

ಕಾನೂನಿನ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಇದೆ; 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವೂ, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರುವ ಅವಕಾಶವೂ ಇರಬೇಕು. ಕೇಳಿದರೆ ಮುಖ ಸಿಂಡರಿಸುವ ಕಚೇರಿಗಳನ್ನು ನಾನೂ ಕಂಡಿದ್ದೇನೆ, ಆದರೂ ಬರಹದಲ್ಲಿ ಕೇಳುವುದು ಒಳ್ಳೆಯದು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ ಇದೆಯೇ ಎಂದು ವಿಚಾರಿಸಬಹುದು. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿಯೇ ಅವು ಆರಂಭವಾದವು.

ಖಾಸಗಿ ಕೆಲಸದ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನಿಲ್ಲ. ಆದರೆ ರಜೆ ಇಲ್ಲದ ತಂದೆಯೂ ಸಂಜೆ ಆರರಿಂದ ಒಂಬತ್ತರವರೆಗೆ ದೊಡ್ಡ ಮಗುವಿನ ಊಟ, ಸ್ನಾನ, ನಿದ್ದೆಯನ್ನು ಪೂರ್ತಿ ವಹಿಸಿಕೊಳ್ಳಬಹುದು. ‘ಸಹಾಯ ಮಾಡುತ್ತಾನೆ’ ಎಂದು ಅದನ್ನು ಹೊಗಳುವ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ಮಕ್ಕಳ ಸಮಸ್ಯೆಗಳೆಂದು ನಾವು ಎಣಿಸಿದ್ದರಲ್ಲಿ ಅರ್ಧಕ್ಕರ್ಧ, ಈ ಮೂರು ಗಂಟೆಗಳು ಯಾರದೆಂದು ಗೊತ್ತಾದ ವಾರದಲ್ಲಿಯೇ ಕರಗಿದವು.

ಹೆರಿಗೆಯಾದಾಗಿನಿಂದ ಕಾರಣವಿಲ್ಲದೆ ಅಳು ಬರುತ್ತದೆ. ಎರಡನೆಯ ಬಾರಿಗೂ ಹೀಗಾಗುತ್ತದೆಯೇ?

ಆಗುತ್ತದೆ. ಮೊದಲ ಹತ್ತು ಹದಿನೈದು ದಿನಗಳ ಅಳು ಅನೇಕ ಬಾಣಂತಿಯರಿಗೆ ಬಂದು ಹೋಗುವಂಥದ್ದು. ಎರಡು ವಾರ ಕಳೆದರೂ ಅದು ಇಳಿಯದಿದ್ದರೆ, ಕೂಸು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಹೆರಿಗೆ ಮಾಡಿಸಿದ ವೈದ್ಯರಿಗೆ, ಇಲ್ಲವೇ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಹೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ಫೋನ್ ಮಾಡುವಷ್ಟು ಹೊತ್ತು ಎರಡು ಮಕ್ಕಳನ್ನೂ ಬೇರೆ ಯಾರಾದರೂ ನೋಡಿಕೊಳ್ಳಲಿ.